ಹಾಲೊಡಕಿನ ಒಲೆ

ಬೆಣ್ಣೆಯಮ್ಮ ಹಾಲಿನ ಕೆಲಸ ಮಾಡುವ ಕೋಣೆಯನ್ನು ನೀವೊಮ್ಮೆ ನೋಡಬೇಕು. ನೆಲದ ಮೇಲೇ ಬಡಿಸಿಕೊಂಡು ಉಣ್ಣಬಹುದು, ಅಷ್ಟು ಚೊಕ್ಕ. ಹಾಲಿನ ಕ್ಯಾನುಗಳು ಗೋಡೆಯುದ್ದಕ್ಕೂ ಮಕಾಡೆ ಮಲಗಿರುತ್ತವೆ. ಚೀಸ್ ಸೋಸುವ ಬಟ್ಟೆಗಳು ಹಿತ್ತಲಿನ ಹಗ್ಗದ ಮೇಲೆ ಬಿಸಿಲಿಗೆ ಗರಿಗರಿಯಾಗಿರುತ್ತವೆ. ಹಾಲು ತಾಕಿದ ಪ್ರತಿ ಪಾತ್ರೆಗೂ ಮೊದಲು ತಣ್ಣೀರು, ಆಮೇಲೆ ಸೋಡಾ ಹಾಕಿದ ಕುದಿನೀರು, ಕೊನೆಗೆ ಬ್ಲೀಚಿಂಗ್ ಪುಡಿ ಕದಡಿದ ನೀರು. ಬೆಳಗ್ಗೆ ತೊಳೆದದ್ದನ್ನು ಸಂಜೆ ಮತ್ತೆ ತೊಳೆಯುತ್ತಾಳೆ, ಏಕೆಂದರೆ ಬೆಳಗ್ಗೆ ತೊಳೆದದ್ದು ಬೆಳಗ್ಗೆಗೆ!

"ಒಂದಿನ ನನ್ನನ್ನೂ ಸೋಡಾ ನೀರಲ್ಲಿ ಅದ್ದಿ ಆ ಹಗ್ಗದ ಮೇಲೆ ಒಣಗಿ ಹಾಕ್ತಾಳೆ" ಎಂದು ಅವಳ ಗಂಡ ಬಂದವರ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ಬೆಣ್ಣೆಯಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಬೆಣ್ಣೆಯ ಹಾಗೆ ಮೆತ್ತಗೆ ಇರುತ್ತಾಳೆ ಎಂದುಕೊಂಡೀರಿ ಮತ್ತೆ. ಮಾತಿಗೆ ನಿಂತರೆ ಎದುರಿಗಿದ್ದವರು ಬೆವರೊರೆಸಿಕೊಳ್ಳಬೇಕು. ಆದರೆ ಕೆಲಸದಲ್ಲಿ ಅವಳನ್ನು ಬೆರಳು ಮಾಡಿ ತೋರಿಸುವವರಿರಲಿಲ್ಲ. ಮನೆಯ ಎರಡು ಹಸುಗಳ ಹಾಲಿನ ಜೊತೆಗೆ ಸುತ್ತಲ ಮನೆಗಳ ಹಾಲನ್ನೂ ತರಿಸಿ, ಬೆಣ್ಣೆ ತೆಗೆದು, ಹಾಲು ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಕಲ್ಲಿನ ಭಾರ ಇಟ್ಟು ಚೀಸ್ ಮಾಡುತ್ತಿದ್ದಳು. ಮದುವೆಯಾಗಿ ಬಂದಾಗ ಸೌದೆ ತುಂಬಿದ್ದ ಕೋಣೆಯನ್ನು ಅವಳೇ ಖಾಲಿ ಮಾಡಿ, ಅವಳೇ ಸುಣ್ಣ ಬಳಿದು ಶುರು ಮಾಡಿದ ಕೆಲಸ ಅದು.

ಆ ಕೋಣೆಯ ಗೋಡೆಯ ಬುಡದಲ್ಲಿ ಒಂದು ತೂತಿತ್ತು. ಹಾಲು ಒಡೆದ ಮೇಲೆ ಉಳಿಯುವ ಹಸಿರು ಮಿಶ್ರಿತ ಹಳದಿ ನೀರು, ಅಂದರೆ ಹಾಲೊಡಕು, ಆ ತೂತಿನಿಂದ ಹೊರಗೆ ಹೋಗುತ್ತಿತ್ತು. ತೂತು ದಾಟಿತೋ, ಅವಳ ಲೆಕ್ಕದಲ್ಲಿ ಅದು ಮುಗಿದ ವಿಷಯ.

ಮುಗಿದಿರಲಿಲ್ಲ. ಚರಂಡಿ ಇಳಿಜಾರಿನಲ್ಲಿ ಹರಿದು ದರ್ಜಿಯ ಮನೆಯ ಹಿಂದೆ ಹೋಗಿ ನಿಲ್ಲುತ್ತಿತ್ತು. ಬೇಸಿಗೆ ಬಲಿಯುತ್ತಿದ್ದಂತೆ ನಿಂತ ಹಾಲೊಡಕು ಕೊಳೆತು ಬುರುಗು ಬಂದು, ನೊಣ ಮುತ್ತಿ, ಬೀದಿಗೆ ಬೀದಿಯೇ ಮೂಗು ಮುಚ್ಚಿಕೊಂಡು ಓಡಾಡುವಂತಾಯಿತು. ಅಳತೆ ಕೊಡಲು ಬಂದವರು ದರ್ಜಿಯ ಹೊಸ್ತಿಲಲ್ಲೇ ನಿಂತು, "ಬಟ್ಟೆ ಇಲ್ಲೇ ಇಟ್ಟಿರ್ತೀವಿ, ಹಳೇ ಅಳತೇಲೇ ಹೊಲೀರಿ" ಎಂದು ಹೊರಟುಬಿಡುತ್ತಿದ್ದರು. ಹಳೆಯ ಅಳತೆಯಲ್ಲಿ ಹೊಲಿದರೆ ಯಾರಿಗೆ ಹಿಡಿಸುತ್ತದೆ, ಹೇಳಿ.

ಒಂದು ಬೆಳಗ್ಗೆ ದರ್ಜಿ ತನ್ನ ಬಾವಿಯ ನೀರನ್ನು ಬಕೆಟ್ಟಿನಲ್ಲಿ ತಂದು ಬೆಣ್ಣೆಯಮ್ಮನ ಬಾಗಿಲಲ್ಲಿ ಇಟ್ಟ.

"ಮೂಸಿ ನೋಡಿ."

ಬೆಣ್ಣೆಯಮ್ಮ ಬಗ್ಗಿದಳು, ಅಷ್ಟೇ ಬೇಗ ಎದ್ದಳು. "ಇದಕ್ಕೂ ನನಗೂ ಏನು ಸಂಬಂಧ, ದರ್ಜಿಯಣ್ಣ?"

"ನಿಮ್ಮ ಚರಂಡಿ ನೀರೇ ಇಂಗಿ ಬಾವಿಗೆ ಬರ್ತಾ ಇದೆ. ನಮ್ಮನೇವಳು ದಿನಾ ಮೇಲಿನ ಬೀದಿಯಿಂದ ನೀರು ಹೊರ್ತಾಳೆ. ಅವಳ ಮಂಡಿ ನೋವು ನಿಮಗೂ ಗೊತ್ತು."

"ಅಯ್ಯೋ, ಅದು ಹಾಲು ಕಣ್ರೀ! ವಿಷ ಏನಲ್ಲವಲ್ಲ! ಮಕ್ಕಳು ಕುಡಿಯೋ ಹಾಲು!"

ದರ್ಜಿ ಜಗಳಗಂಟನಲ್ಲ. ತಗ್ಗಿದ ದನಿಯಲ್ಲೇ ಹೇಳಿದ. "ಬೀದಿಯವರೆಲ್ಲ ಕೂತು ಮಾತಾಡಿದಾರೆ. ಮಳೆ ಶುರುವಾಗೋದ್ರೊಳಗೆ ಇದು ನಿಲ್ಲಬೇಕಂತೆ. ಇಲ್ಲಾಂದ್ರೆ ನಿಮ್ಮ ಕೋಣೆ ಮುಚ್ಚಿಸ್ತಾರಂತೆ. ಮಳೆ ನೀರಲ್ಲಿ ಇದೆಲ್ಲ ಮನೆಮನೆಗೂ ನುಗ್ಗುತ್ತಲ್ಲ. ನಾನೂ ಬೇಡ ಅನ್ನಲಿಲ್ಲ, ಬೆಣ್ಣೆಯಮ್ಮ. ಮುಚ್ಚಿಟ್ಟು ಏನು ಪ್ರಯೋಜನ, ನಾನೇ ಹೇಳ್ತಿದೀನಿ."

ಅವನು ಹೋದ ಮೇಲೆ ಬೆಣ್ಣೆಯಮ್ಮ ಮಕಾಡೆ ಹಾಕಿದ್ದ ಕ್ಯಾನಿನ ಮೇಲೆ ಕುಸಿದು ಕೂತಳು. ಅವಳಿಗೆ ಸಿಟ್ಟು ಬಂದಿತ್ತು, ಅದರ ಹಿಂದೆಯೇ ಭಯವೂ ಬಂತು. ಈ ಕೈಗಳಿಗೆ ಬೇರೆ ಕೆಲಸ ಗೊತ್ತಿಲ್ಲ. ಬೆಳಗಾದರೆ ಈ ಕೋಣೆಗೆ ಬರುವುದು ಬಿಟ್ಟು ಅವಳು ಎಲ್ಲಿಗೆ ಹೋಗಬೇಕು?

ಅದೇ ವಾರ ಅವಳ ತಂಗಿ ಬಂದಳು. ತಂಗಿಗೆ ಪಟ್ಟಣದ ದೊಡ್ಡ ಡೇರಿಯಲ್ಲಿ ಕೆಲಸ. ಅಲ್ಲಿಂದ ಹೊರಬರುವ ಕೊಳೆನೀರನ್ನು ಸರಿಪಡಿಸುವ ವಿಭಾಗ ಅವಳದು. ಅಕ್ಕ ಅವಳನ್ನು ಕೊಳೆನೀರಿನ ಡಾಕ್ಟರಮ್ಮ ಎಂದು ರೇಗಿಸುತ್ತಿದ್ದಳು. ಈ ಸಲ ರೇಗಿಸಲಿಲ್ಲ. ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಹಾಲು ಯಾವಾಗಿಂದ ಗಲೀಜಾಯ್ತೇ?" ಎಂದು ಕೇಳಿದಳು.

"ಹಾಲು ಗಲೀಜಲ್ಲ ಅಕ್ಕ. ಅದರಲ್ಲಿ ಸಾರ ಜಾಸ್ತಿ ಇರೋದೇ ತೊಂದರೆ. ನೀನು ಹತ್ತು ಕೊಡ ಹಾಲು ಒಡೆಸಿದ್ರೆ ಹೆಚ್ಚುಕಮ್ಮಿ ಒಂಬತ್ತು ಕೊಡ ಹಾಲೊಡಕೇ ಬರುತ್ತೆ. ಹಾಲಿನ ಸಕ್ಕರೆ ಎಲ್ಲಾ ಅದರಲ್ಲೇ ಇರುತ್ತೆ. ಕೆರೆಗೋ ಬಾವಿಗೋ ಸೇರಿದ್ರೆ ನೀರಿನ ಉಸಿರನ್ನೇ ಅದು ತಿಂದುಹಾಕುತ್ತೆ. ಮೀನೂ ಬದುಕಲ್ಲ. ಗಿಡಕ್ಕೆ ಹಾಗೇ ಸುರಿದ್ರೆ ಬೇರು ಸುಡುತ್ತೆ."

"ಹಾಗಾದ್ರೆ ಎಲ್ಲಿಗೆ ಸುರೀಲಿ? ನನ್ನ ತಲೆ ಮೇಲಾ?"

"ತೊಟ್ಟಿಗೆ ಸುರಿ" ಎಂದಳು ತಂಗಿ ನಗುತ್ತಾ. "ಗಾಳಿ ಆಡದ ಹಾಗೆ ಮುಚ್ಚಿದ ತೊಟ್ಟಿ ಕಟ್ಟಿಸು. ಮೊದಲು ಸಗಣಿ ನೀರು ತುಂಬಿಸಬೇಕು. ಸಗಣೀಲಿ ಕಣ್ಣಿಗೆ ಕಾಣದ ಜೀವಗಳು ಇರ್ತವೆ. ಅವು ನಿನ್ನ ಹಾಲೊಡಕು ತಿಂದು ಗ್ಯಾಸ್ ಬಿಡ್ತವೆ. ಆ ಗ್ಯಾಸ್ ಪೈಪಲ್ಲಿ ಒಲೆಗೆ ಬರುತ್ತೆ, ಅದರ ಮೇಲೆ ಹಾಲು ಕಾಯಿಸ್ಕೋ. ಕೊನೇಲಿ ಹೊರಗೆ ಬರೋ ರಾಡಿ ಒಳ್ಳೆ ಗೊಬ್ಬರ. ಒಂದೇ ನೀರು, ಉರಿಯೂ ಆಯ್ತು, ಗೊಬ್ಬರಾನೂ ಆಯ್ತು."

ಬೆಣ್ಣೆಯಮ್ಮ ಮುಖ ಸಿಂಡರಿಸಿದಳು. "ಛೀ! ಕೊಳೆತದ್ದರ ಉರೀಲಿ ನನ್ನ ಹಾಲು ಕಾಯಬೇಕಾ? ವಾಸನೆ ಹಿಡಿಯಲ್ವಾ?"

"ಉರಿ ಪಾತ್ರೆ ಹೊರಗೆ ಇರುತ್ತೆ, ಹಾಲು ಪಾತ್ರೆ ಒಳಗೆ ಇರುತ್ತೆ. ಸರಿಯಾಗಿ ಉರಿದ ಗ್ಯಾಸಿಗೆ ನಾತಾನೇ ಇರಲ್ಲ. ಈಗ ಸೌದೆ ಹೊಗೇಲಿ ಕಣ್ಣು ಉಜ್ಜಿಕೊಂಡು ಕೂರ್ತೀಯಲ್ಲ, ಅದು ವಾಸಿನಾ?"

"ಸಿಡಿದ್ರೆ?"

"ಗ್ಯಾಸು ಅಂದ್ಮೇಲೆ ಹುಷಾರಾಗಿ ಇರಲೇಬೇಕು. ತೊಟ್ಟಿ ಹತ್ರ ಬೀಡಿ, ದೀಪ ಕೂಡದು. ಪೈಪಿನ ಗಂಟುಗಳಿಗೆ ಸೋಪಿನ ನೀರು ಸವರಿ ನೋಡಬೇಕು, ಗುಳ್ಳೆ ಬಂದ್ರೆ ಸೋರ್ತಿದೆ ಅಂತ. ಒಲೆ ಇರೋ ಕಡೆ ಕಿಟಕಿ ತೆಗೆದಿರಬೇಕು. ಮತ್ತೆ ಏನೇ ಆದ್ರೂ ಯಾರೂ ತೊಟ್ಟಿ ಒಳಗೆ ಇಳೀಕೂಡದು, ಉಸಿರು ಕಟ್ಟುತ್ತೆ."

"ನೋಡಿದ್ರಾ, ನಾನು ಹೇಳಲಿಲ್ವಾ?" ಎಂದು ಬೆಣ್ಣೆಯಮ್ಮ ಗಂಡನತ್ತ ತಿರುಗಿದಳು. ಅವನು ಅದಾಗಲೇ ಹಿತ್ತಲಿಗೆ ಹೋಗಿ, ಬಾವಿಗೆ ದೂರವಾದ ಮೂಲೆಯಲ್ಲಿ ಹೆಜ್ಜೆ ಹಾಕಿ ಅಳೆಯುತ್ತಿದ್ದ. ಹೆಂಡತಿಯ ಕೋಣೆ ಮುಚ್ಚಿದರೆ ಅವಳು ಮನೆಯನ್ನೇ ತಿಕ್ಕಿ ತಿಕ್ಕಿ ಸವೆಸಿಬಿಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು.

ತಂಗಿ ತನ್ನ ಡೇರಿಯಲ್ಲಿ ಇಂಥ ತೊಟ್ಟಿ ಕಟ್ಟಿ ಪಳಗಿದ್ದ ಗಾರೆ ಕೆಲಸದವನನ್ನು ಕಳಿಸಿಕೊಟ್ಟಳು. ತೊಟ್ಟಿ ಎದ್ದಿತು. ಗಂಡ ಸಗಣಿ ಕಲಸಿ ಕಲಸಿ ಮೊಣಕೈವರೆಗೂ ಹಸಿರಾದ. ಬೆಣ್ಣೆಯಮ್ಮ ಮೂಗಿಗೆ ಸೆರಗು ಹಿಡಿದು ದೂರ ನಿಂತು ನೋಡಿದಳು. ಮೊದಮೊದಲು ಬಂದ ಗ್ಯಾಸು ಹತ್ತಲಿಲ್ಲ. "ನಾನು ಆಗಲೇ ಅಂದುಕೊಂಡೆ" ಎಂದಳು. ತಂಗಿ ಫೋನಿನಲ್ಲಿ, "ಶುರುಗೆ ಬರೋದು ಹತ್ತಲ್ಲ, ಅದರಲ್ಲಿ ಗಾಳಿನೇ ಜಾಸ್ತಿ. ಹೊರಗೆ ಬಿಟ್ಬಿಡಿ, ಕಾಯಿರಿ" ಎಂದಳು. ಕಾದರು. ಒಂದು ಬೆಳಗ್ಗೆ ಗಂಡ ಕಡ್ಡಿ ಗೀರಿದ್ದೇ ತಡ, ನೀಲಿ ಉರಿ ಭುಸ್ಸೆಂದು ಎದ್ದಿತು. ಅವನು ಮಗುವಿನಂತೆ ಚಪ್ಪಾಳೆ ತಟ್ಟಿದ. ಬೆಣ್ಣೆಯಮ್ಮ ಹತ್ತಿರ ಬಂದು ಮೂಸಿದಳು. ಹೊಗೆಯೂ ಇಲ್ಲ, ನಾತವೂ ಇಲ್ಲ. "ಹೂಂ" ಎಂದಳು. ಅವಳ ಬಾಯಿಂದ ಹೂಂ ಬಂತೆಂದರೆ ಅದೇ ದೊಡ್ಡ ಮೆಚ್ಚುಗೆ.

ದಿನಕ್ಕಿಷ್ಟಿಷ್ಟೇ ಹಾಲೊಡಕು ಹಾಕುತ್ತಾ ಹೋದರು. ಗೋಡೆಯ ತೂತಿಗೆ ಬಟ್ಟೆ ತುರುಕಿದರು. ಚರಂಡಿ ಒಣಗತೊಡಗಿತು. ಬೀದಿಯವರು ಮೂಗಿನಿಂದ ಕೈ ತೆಗೆದರು.

ಆಮೇಲೆ, ಮಳೆಗಾಲಕ್ಕೆ ಇನ್ನು ಕೆಲವೇ ವಾರ ಇದೆ ಎನ್ನುವಾಗ, ಉರಿ ಸಣ್ಣಗಾಯಿತು. ಮರುದಿನ ಇನ್ನೂ ಸಣ್ಣಗಾಯಿತು. ಆಮೇಲೆ ಹತ್ತಲೇ ಇಲ್ಲ. ತೊಟ್ಟಿಗೆ ಹಾಲೊಡಕು ಸುರಿಯುವ ಬಾಯಿಂದ ಹುಳಿ ನಾತ ಮೇಲೆದ್ದು, ಹಿಂದಿಗಿಂತ ಜೋರಾಗಿ ಇಳಿಜಾರಿನಲ್ಲಿ ಇಳಿಯಿತು. ದರ್ಜಿ ಬೇಲಿಯ ಹತ್ತಿರ ಬಂದು ನಿಂತ. ಆಕಾಶ ನೋಡಿದ, ಹೋದ. ಅವನು ಬೈದಿದ್ದರೂ ಬೆಣ್ಣೆಯಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ.

"ಮುಗೀತು ಬಿಡಿ" ಎಂದಳು ಗಂಡನಿಗೆ. "ಕ್ಯಾನುಗಳನ್ನ ಯಾರಿಗಾದ್ರೂ ಕೊಟ್ಟುಬಿಡೋಣ." ಹೇಳುತ್ತಲೇ ಹತ್ತಿರದ ಕ್ಯಾನನ್ನು ಸೆರಗಿನಿಂದ ಒರೆಸತೊಡಗಿದಳು. ಗಂಡ ತಂಗಿಗೆ ಫೋನು ಮಾಡಿದ.

ತಂಗಿ ಓಡಿಬಂದಳು. ತೊಟ್ಟಿಯ ಬಾಯಿಗೆ ಮೂಗು ಒಡ್ಡಿದಳು, ಕೋಲಿನಿಂದ ಕದಡಿದಳು, ಮುಖ ಗಂಟಿಕ್ಕಿದಳು.

"ಭಾವ, ಹಾಲೊಡಕು ಬಿಸಿಬಿಸಿ ಇದ್ದಾಗಲೇ ಸುರಿದ್ರಾ?"

"ಇಲ್ಲಮ್ಮ, ಕೈಯಿಟ್ಟು ನೋಡಿ ಬೆಚ್ಚಗಾದ ಮೇಲೇ ಸುರೀತಿದ್ದೆ."

"ಒಂದೇ ಸಲಕ್ಕೆ ಜಾಸ್ತಿ?"

"ನೀನು ಹೇಳಿದಷ್ಟೇ. ಜೊತೆಗೆ ದಿನಾ ಸಗಣೀನೂ ಕಲಸಿ ಹಾಕ್ತಿದ್ದೆ."

"ಮತ್ತೆ ಹೀಗ್ಯಾಕಾಯ್ತು? ಒಳಗಿನ ಜೀವಗಳು ಸತ್ತ ಹಾಗಿದೆಯಲ್ಲ!"

ಬೆಣ್ಣೆಯಮ್ಮನಿಗೆ ರೇಗಿತು. ತನ್ನ ಮನೆಯಲ್ಲಿ ಏನೋ ಕೊರತೆಯಾಗಿದೆ ಎಂದರೆ ಅವಳು ಸಹಿಸುವವಳಲ್ಲ. "ನೋಡೇ, ನಮ್ಮ ಕಡೆಯಿಂದ ತಪ್ಪಿಲ್ಲ. ನಾನೇನು ಕೊಳಕಿ ಅಲ್ಲ. ನಿಮ್ಮ ಡೇರೀಲಾದ್ರೂ ಇಷ್ಟು ಶುಚಿಯಾಗಿ ನೋಡ್ಕೊಳ್ತಾರೋ ಇಲ್ವೋ. ನಾನು ದಿನಾ ಸಂಜೆ ಕ್ಯಾನು ತೊಳೆದ ನೀರನ್ನೂ ಚರಂಡಿಗೆ ಬಿಡದೆ ಇದಕ್ಕೇ ಸುರಿದು, ಇದರ ಬಾಯಿಗೂ ಬಕೆಟ್ಟುಗಟ್ಲೆ ಬಿಸಿ ಸೋಡಾ ನೀರು ಹೊಯ್ದು, ಮೇಲೆ ಬ್ಲೀಚಿಂಗ್ ಪುಡಿ ಉದುರಿಸಿ, ಪೊರಕೇಲಿ ತಿಕ್ಕಿ ತಿಕ್ಕಿ..."

ತಂಗಿ ಹಣೆಗೆ ಕೈಯಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಗಂಡ ನಾಲಿಗೆ ಕಚ್ಚಿಕೊಂಡ.

"ಏನಾಯ್ತೇ? ಹಾಗ್ಯಾಕೆ ಕೂತೆ?"

"ಅಕ್ಕ, ನಿನ್ನ ಹಸುವಿಗೆ ಬ್ಲೀಚಿಂಗ್ ಪುಡಿ ಕುಡಿಸ್ತೀಯಾ?"

"ನಿನ್ನ ಬಾಯಿಗೆ ಮಣ್ಣು ಹಾಕ! ಕುಡಿಸ್ತಾರಾ ಯಾರಾದ್ರೂ?"

"ಈ ತೊಟ್ಟಿ ಪಾತ್ರೆ ಅಲ್ಲ ಅಕ್ಕ. ಹಸುವಿನ ಹೊಟ್ಟೆ ಇದ್ದ ಹಾಗೆ. ಒಳಗೆ ಇರೋದೆಲ್ಲ ಜೀವ. ಬ್ಲೀಚಿಂಗ್ ಪುಡಿ ಇರೋದೇ ಕ್ರಿಮಿ ಕೊಲ್ಲೋಕೆ. ನಿನ್ನ ಕ್ಯಾನಲ್ಲಿ ಕೆಟ್ಟವನ್ನ ಕೊಲ್ಲುತ್ತೆ, ಇಲ್ಲಿ ನಮಗೆ ಬೇಕಾದವನ್ನೂ ಕೊಂದುಬಿಡುತ್ತೆ."

ಬೆಣ್ಣೆಯಮ್ಮ ಬೆಪ್ಪಾದಳು. ಇಷ್ಟು ದಿನ ಎಷ್ಟು ಹೇಳಿದರೂ ತಲೆಗೆ ಹೋಗದ ವಿಷಯ ಈಗ ಒಂದೇ ಸಲಕ್ಕೆ ಹೋಯಿತು. ಹಸು ಸಾಕಿದವಳು ಅವಳು. ಹೊಟ್ಟೆ ಕೆಟ್ಟ ಹಸುವಿನ ಪಕ್ಕ ಕೂತು ಅದರ ಡುಬ್ಬ ನೀವಿದವಳು. ಮುಚ್ಚಳ ಹಾಕಿದ ತೊಟ್ಟಿಯೊಳಗೆ ಏನೋ ಉಸಿರಾಡುತ್ತಿತ್ತು, ಅದನ್ನು ತಾನೇ ದಿನಾ ಸಂಜೆ ಕೈಯಾರೆ ಸುಟ್ಟೆನಲ್ಲ ಎಂದು ಅವಳಿಗೆ ನಿಜಕ್ಕೂ ಸಂಕಟವಾಯಿತು.

"ಅಯ್ಯೋ, ಪೂರ್ತಿ ಸತ್ತುಹೋದ್ವೇನೇ?"

"ಎಲ್ಲಾ ಸತ್ತಿರಲ್ಲ. ಸ್ವಲ್ಪ ದಿನ ಏನೂ ತಿನ್ನಿಸಬೇಡ. ಒಂದಷ್ಟು ತೆಗೆದು ಹೊಸ ಸಗಣಿ ನೀರು ಹಾಕೋಣ. ಚೇತರಿಸ್ಕೊಳ್ಳುತ್ತೆ. ಆದ್ರೆ ನಿನ್ನ ತೊಳೆಯೋ ನೀರಿಗೆ ಬೇರೆ ದಾರಿ ಮಾಡಬೇಕು. ಕ್ಯಾನನ್ನ ಬರೀ ತಣ್ಣೀರಲ್ಲಿ ಜಾಲಿಸಿದ ಮೊದಲ ನೀರು ತೊಟ್ಟಿಗೆ ಹೋಗಲಿ, ಅದರಲ್ಲಿ ಹಾಲಿನಂಶ ಇರುತ್ತೆ. ಸೋಡಾ, ಬ್ಲೀಚಿಂಗ್ ಮುಟ್ಟಿದ ನೀರು ಒಂದು ತೊಟ್ಟೂ ಹೋಗಕೂಡದು."

ಗಂಡ ಅವತ್ತೇ ಗುದ್ದಲಿ ಹಿಡಿದ. ಸೋಡಾ ನೀರಿಗೆ ಬೇರೆ ಪೈಪು ಹಾಕಿ, ಬಾವಿಗಳಿಂದ ದೂರದಲ್ಲಿ ಜಲ್ಲಿ ಮರಳು ತುಂಬಿದ ಗುಂಡಿಗೆ ತಿರುಗಿಸಿದ. ಬೆಣ್ಣೆಯಮ್ಮ ಸೋಡಾ, ಬ್ಲೀಚಿಂಗ್ ಪುಡಿ ಎರಡನ್ನೂ ಎಷ್ಟು ಬೇಕೋ ಅಷ್ಟೇ ಹಾಕುವುದನ್ನು ಕಲಿತಳು. ತೊಟ್ಟಿ ಸುಧಾರಿಸುವವರೆಗೆ ಚೀಸ್ ಕಡಿಮೆ ಮಾಡಿದಳು. ಬಂದ ಹಾಲೊಡಕನ್ನು ಹುಳಿಯಾಗುವ ಮುಂಚೆ ತನ್ನ ಹಸುಗಳ ಮೇವಿಗೆ ಇಷ್ಟಿಷ್ಟು ಕಲಸಿ ಹಾಕಿದಳು, ಉಳಿದದ್ದನ್ನು ಪಕ್ಕದ ಬೀದಿಯ ಕೊಟ್ಟಿಗೆಗಳಿಗೆ ಕೊಟ್ಟಳು. ಒಂದು ತೊಟ್ಟನ್ನೂ ಚರಂಡಿಗೆ ಬಿಡಲಿಲ್ಲ. ಸಂಜೆಯಾದರೆ ಪೊರಕೆ ಹಿಡಿದು ಆ ತೊಟ್ಟಿಯತ್ತ ಹೆಜ್ಜೆ ಹಾಕುತ್ತಿದ್ದಳು. ಅರ್ಧ ದಾರಿಗೆ ನೆನಪಾಗಿ ವಾಪಸ್ಸು ಬರುತ್ತಿದ್ದಳು. ಕೈ ಸುಮ್ಮನಿರಬೇಕಲ್ಲ!

ಆಮೇಲೆ ತೊಟ್ಟಿಗೆ ಉಣಿಸುವ ಕೆಲಸವನ್ನು ಗಂಡನಿಂದ ಕಿತ್ತುಕೊಂಡಳು. "ನಿಮಗೆ ಗೊತ್ತಾಗಲ್ಲ, ನೀವು ಸುಮ್ನಿರಿ" ಎಂದಳು. ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು, ಸಗಣಿ ಕಲಸಿ, ಕೈಗೆ ಬೆಚ್ಚಗಿದೆಯೇ ನೋಡಿ. "ತಿನ್ನು ಮಾರಾಯ, ಈ ಸಲ ನಿನಗೇನೂ ಮಾಡಲ್ಲ" ಎಂದು ಮುಚ್ಚಳ ತಟ್ಟಿ ಹೇಳುವುದನ್ನು ಗಂಡ ಕೇಳಿಸಿಕೊಂಡಿದ್ದಾನೆ. ಬೀದಿಗೆಲ್ಲ ಹೇಳಿಯೂ ಬಿಟ್ಟಿದ್ದಾನೆ.

ಉರಿ ಮತ್ತೆ ಬಂತು. ಈ ಸಲ ಕಡ್ಡಿ ಗೀರಿದ್ದು ಬೆಣ್ಣೆಯಮ್ಮ. ಮೊದಲ ಹಂಡೆ ಹಾಲು ಆ ಉರಿಯಲ್ಲಿ ಕಾಯುವಾಗ ಅವಳು ಪಕ್ಕದಿಂದ ಕದಲಲಿಲ್ಲ. ಕಣ್ಣಲ್ಲಿ ನೀರು ಬಂದಾಗ ಹೊಗೆ ಎಂದು ಹೇಳುವಂತಿರಲಿಲ್ಲ, ಹೊಗೆಯೇ ಇರಲಿಲ್ಲ.

ಮೊದಲ ಮಳೆ ಬಿದ್ದ ಮರುದಿನ ಬೀದಿಯವರು ಬಂದರು. ಹೇಳಿದ ಮಾತಿಗೆ ತಪ್ಪುವವರಲ್ಲ ಅವರು. ಎಲ್ಲರೂ ಚರಂಡಿ ನೋಡಿದರು. ಅದರಲ್ಲಿ ಬರೀ ಮಳೆ ನೀರು ಹರಿಯುತ್ತಿತ್ತು. ಒಲೆ ನೋಡಿದರು. ತೊಟ್ಟಿಯ ಆಚೆ ಬದಿಯ ಗುಂಡಿಯಲ್ಲಿ ಹೊರಬಂದ ರಾಡಿ ನೋಡಿದರು. ಅದನ್ನು ಒಣ ಎಲೆಯ ಜೊತೆ ಕೆಲವು ವಾರ ಕೊಳೆಯಲು ಬಿಟ್ಟು, ಬುಡಕ್ಕೆ ಹಾಕಿದ್ದ ಬದನೆ ಗಿಡಗಳನ್ನು ಗಂಡ ತೋರಿಸಿದ. ಬೀದಿಯವರ ಪೈಕಿ ಒಬ್ಬರು, "ಸೌದೆ ಪೂರ್ತಿ ನಿಂತುಹೋಯ್ತಾ?" ಎಂದು ಕೇಳಿದರು. "ಸುಳ್ಳು ಯಾಕೆ ಹೇಳಲಿ, ಪೂರ್ತಿ ನಿಂತಿಲ್ಲ. ಅರ್ಧಕ್ಕಿಳಿದಿದೆ" ಎಂದಳು ಬೆಣ್ಣೆಯಮ್ಮ.

ಎಲ್ಲರೂ ದರ್ಜಿಯ ಮುಖ ನೋಡಿದರು. ಹೆಚ್ಚು ಕಷ್ಟಪಟ್ಟವನು ಅವನು. ಕೋಣೆ ಇರಬೇಕೋ ಮುಚ್ಚಬೇಕೋ, ಅವನೇ ಹೇಳಲಿ ಎಂದರು.

"ನಾತ ಹೋಗಿದೆ, ಅದಂತೂ ನಿಜ" ಎಂದ ದರ್ಜಿ. "ಜನ ಒಳಗೆ ಬಂದು ಅಳತೆ ಕೊಡ್ತಿದಾರೆ. ಆದ್ರೆ ಬಾವಿ ನೀರು ಇನ್ನೂ ಬಾಯಿಗೆ ಹಾಕೋ ಹಾಗಿಲ್ಲ. ಅದು ತಿಳಿಯಾಗೋಕೆ ಈ ಮಳೆಗಾಲ ಪೂರ್ತಿ ಬೇಕಾಗುತ್ತೇನೋ."

ಮಾತಿಗೆ ಎಂದೂ ಸೋಲದ ಬೆಣ್ಣೆಯಮ್ಮ ತಲೆ ತಗ್ಗಿಸಿದಳು. ಆಮೇಲೆ ಒಳಗೆ ಹೋಗಿ, ತನ್ನ ಹಾಲಿನ ಕ್ಯಾನುಗಳಲ್ಲೇ ಒಂದನ್ನು ಎತ್ತಿಕೊಂಡು ಬಂದಳು. ಮೇಲಿನ ಬೀದಿಯಿಂದ ಬೆಳಗ್ಗೆಯೇ ತುಂಬಿ ತಂದಿದ್ದ ಕುಡಿಯುವ ನೀರು ಅದರ ತುಂಬ ಇತ್ತು.

"ಬಾವಿ ಕೆಡಿಸಿದ್ದು ನಾನು, ದರ್ಜಿಯಣ್ಣ. ಪರೀಕ್ಷೆ ಮಾಡಿಸಿ, ನೀರು ಚೆನ್ನಾಗಿದೆ ಅಂತ ಗೊತ್ತಾಗೋ ತನಕ ನಿಮ್ಮನೆ ನೀರು ನಾನು ಹೊರ್ತೀನಿ. ಕೋಣೆ ಮುಚ್ಚಿ ಅಂದ್ರೂ ಹೊರ್ತೀನಿ, ಬೇಡ ಅಂದ್ರೂ ಹೊರ್ತೀನಿ. ಅತ್ತಿಗೆ ಇನ್ನು ಆ ದಿಬ್ಬ ಹತ್ತಬಾರದು."

ಮಂಡಿ ನೋವಿನ ದರ್ಜಿಯ ಹೆಂಡತಿ ಗುಂಪಿನ ಹಿಂದೆ ನಿಂತಿದ್ದಳು. ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಕ್ಯಾನಿನ ಒಂದು ಹಿಡಿಯನ್ನು ತಾನು ಹಿಡಿದಳು.

"ಒಬ್ಬಳೇ ಯಾಕೆ ಎತ್ತುತ್ತೀಯ, ಸೊಂಟ ಹಿಡಿಯುತ್ತೆ. ನಡಿ, ಮನೆ ತನಕ ಇಬ್ಬರೂ ಹಿಡ್ಕೊಳ್ಳೋಣ" ಎಂದಳು. ಆಮೇಲೆ ಬೀದಿಯವರತ್ತ ತಿರುಗಿ, "ನೀವೆಲ್ಲ ಇನ್ನೂ ಏನು ನೋಡ್ತಾ ನಿಂತಿದೀರಿ? ಕೆಲಸ ಮಾಡೋಳು ಮಾಡ್ಲಿ ಬಿಡಿ" ಎಂದಳು.

ಬೀದಿಯವರು ಮನೆಗೆ ಹೋದರು. ಕೋಣೆ ಉಳಿಯಿತು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವವರಲ್ಲಿ ಮನೆಯಲ್ಲೇ ಬೆಣ್ಣೆ, ಚೀಸ್ ಮಾಡುವವರು ಇರುತ್ತೀರಿ. ಸಣ್ಣ ಡೇರಿ ನಡೆಸುವ ಸಂಘದವರೂ ಇರುತ್ತೀರಿ. ನೀವು ಚೆಲ್ಲುವ ಹಾಲೊಡಕಿನಲ್ಲಿ ನಿಮ್ಮ ಒಲೆಯ ಉರಿಯೂ ಇದೆ, ನಿಮ್ಮ ಗಿಡದ ಗೊಬ್ಬರವೂ ಇದೆ. ಒಬ್ಬರ ಕೈಯಲ್ಲಿ ಆಗದಿದ್ದರೆ ನಾಲ್ಕು ಮನೆಯವರು ಸೇರಿ ಒಂದು ತೊಟ್ಟಿ ಕಟ್ಟಿಸಿ. ನಿಮ್ಮ ಹಾಲಿನ ಸಂಘದಲ್ಲಿ, ಕೃಷಿ ಕಚೇರಿಯಲ್ಲಿ ಕೇಳಿ, ತಿಳಿದವರಿಂದಲೇ ಕಟ್ಟಿಸಿ. ಸಗಣಿಯಿಂದ ಶುರು ಮಾಡಿ, ಹಾಲೊಡಕಿನ ಬಿಸಿ ಆರಿಸಿ ಸ್ವಲ್ಪಸ್ವಲ್ಪವಾಗಿ ಹಾಕಿ, ಸೋಡಾ ಬ್ಲೀಚಿಂಗ್ ನೀರನ್ನು ಮಾತ್ರ ಅದರ ಹತ್ತಿರ ಸುಳಿಯಲು ಬಿಡಬೇಡಿ. ಬೆಂಕಿಯನ್ನು ತೊಟ್ಟಿಯಿಂದ ದೂರ ಇಡಿ, ಒಳಗೆ ಇಳಿಯಲೇಬೇಡಿ. ಉರಿ ಸಣ್ಣಗಾದರೆ ಕೈಬಿಡಬೇಡಿ. ಏನು ತಿನ್ನಿಸಿದೆವು ಎಂದು ಮೊದಲು ನೆನಪು ಮಾಡಿಕೊಳ್ಳಿ.

ನಾಳೆ ಬೆಳಗ್ಗೆ ಹಾಲೊಡಕಿನ ಬಕೆಟ್ಟು ಎತ್ತಿದಾಗ, ಚರಂಡಿಗೆ ಸುರಿಯುವ ಮುಂಚೆ ದಯವಿಟ್ಟು ಒಮ್ಮೆ ಕೆಳಗಿಡಿ. ಇಳಿಜಾರಿನಲ್ಲಿರುವ ಮನೆಯವರನ್ನು ಕರೆಯಿರಿ. ತೊಟ್ಟಿ ಎಲ್ಲಿ ಕಟ್ಟಿಸೋಣ ಎಂದು ಅವರನ್ನೂ ಕೂರಿಸಿಕೊಂಡು ಮಾತಾಡಿ.